ಹಲಸಿನ ಕಟ್ಟೆಯ ಸುದ್ದಿಗಳು

ಆಂತರಿಕ ಅಂಕಗಳ ಪಟ್ಟಿ ಸೂಚನಾ ಫಲಕಕ್ಕೆ ಬಿತ್ತೆಂದರೆ ನಮ್ಮ ಕಾಲೇಜಿನಲ್ಲಿ ಸುದ್ದಿಯ ಸುಗ್ಗಿ ಶುರುವಾಗುತ್ತಿತ್ತು. ಹಾಜರಾತಿ ಶೇ 75 ಮುಟ್ಟದೆ ಯಾರ ಪ್ರವೇಶಪತ್ರ ನಿಂತಿದೆ, ಅರ್ಥಶಾಸ್ತ್ರದ ಪ್ರಶ್ನೆಪತ್ರಿಕೆ ಈ ಸಲ ಎಲ್ಲಿಯ ಮೇಷ್ಟ್ರು ತೆಗೆದಿದ್ದಾರಂತೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ ಹೊಸ ವೇಳಾಪಟ್ಟಿ ಬರುತ್ತದಂತೆ, ವಿದ್ಯಾರ್ಥಿವೇತನ ಯಾರ ಖಾತೆಗೆ ಬಿದ್ದಿದೆ: ಒಂದು ತಿಂಗಳು ಇದೇ ಮಾತು. 2019ರಿಂದ 2022ರವರೆಗೆ ನಾನು ಇಲ್ಲಿ ಬಿ.ಎ. ಓದಿದೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ಕೊಪ್ಪ ಸೀಮೆಯ ಹಳ್ಳಿಗಳಿಂದ ಬಸ್ ಹಿಡಿದು ಬರುತ್ತಿದ್ದ ನಮ್ಮಲ್ಲಿ ಬಹುತೇಕರ ಮನೆಯಲ್ಲಿ ಅದುವರೆಗೆ ಪದವಿ ಮುಗಿಸಿದವರೇ ಇರಲಿಲ್ಲ. ವಿಶ್ವವಿದ್ಯಾಲಯ ಹೇಗೆ ನಡೆಯುತ್ತದೆ ಎಂದು ಮನೆಯಲ್ಲಿ ಕೇಳಲು ಯಾರೂ ಇಲ್ಲದ ಮೇಲೆ, ಕೇಳಬೇಕಾದ್ದನ್ನೆಲ್ಲ ನಾವು ಕೇಳಿದ್ದು ಹಲಸಿನ ಮರದ ಕಟ್ಟೆಯ ಮೇಲೆ.

ಎಲ್ಲ ಸುದ್ದಿಗೂ ಒಂದೇ ಬೆಲೆ ಇರಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬರುವ "ಪರೀಕ್ಷೆ ಮುಂದೂಡಿಕೆ" ಸುತ್ತೋಲೆಯನ್ನು ಮೂರನೇ ಸೆಮಿಸ್ಟರ್ ಹೊತ್ತಿಗೆ ಯಾರೂ ನಂಬುತ್ತಿರಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಕೈಬದಲಾಗುತ್ತಿದ್ದ ಮುಖ್ಯ ಪ್ರಶ್ನೆಗಳ ಪಟ್ಟಿ ಸ್ವಲ್ಪ ಉತ್ತಮ. ಕಚೇರಿಯ ಅಟೆಂಡರ್ ಅಣ್ಣ ಹೇಳಿದರೆ ಮಾತ್ರ ಅದು ಖಚಿತ. ಅವರು ಹೆಚ್ಚು ಮಾತಾಡುವವರಲ್ಲ. "ನಾಳೆ ಬೇಗ ಬನ್ನಿ, ಕೊನೇ ದಿನ" ಎಂದರೆ ಶುಲ್ಕದ ರಸೀದಿ, ಗ್ರಂಥಾಲಯದ ಬಾಕಿ ಇಲ್ಲದ ಚೀಟಿ ಎರಡನ್ನೂ ಹಿಡಿದು ಓಡಿಬರುತ್ತಿದ್ದೆವು. ಅವರ ಆ ಒಂದು ಮಾತಿನಿಂದ ವರ್ಷ ಉಳಿಸಿಕೊಂಡವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ.

ಎರಡನೇ ಸೆಮಿಸ್ಟರ್‌ನಲ್ಲಿ ಕಟ್ಟೆಗೆ ಬಂದ ಸುದ್ದಿ ಮಾತ್ರ ಪರೀಕ್ಷೆಯದಾಗಿರಲಿಲ್ಲ. ಸಹಕಾರ ಸಾರಿಗೆ ನಿಲ್ಲುತ್ತದಂತೆ! 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಂಸ್ಥೆ ಅದು. ನಮ್ಮ ಭಾಗದ ಒಳರಸ್ತೆಗಳಿಗೆ ಅದರ ಬಸ್ಸೇ ಜೀವ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇತ್ತು. ನಮ್ಮೂರಿನ ದಾರಿಯ ಕಂಡಕ್ಟರ್‌ಗೆ ಯಾವ ತಿರುವಿನಲ್ಲಿ ಯಾರು ಹತ್ತುತ್ತಾರೆ ಎಂಬುದು ಬಾಯಿಪಾಠ. ಮಳೆಯಲ್ಲಿ ಯಾರಾದರೂ ಗದ್ದೆಯಂಚಿನಲ್ಲಿ ಓಡಿಬರುವುದು ಕಂಡರೆ ಸೀಟಿ ಊದಿ ನಿಲ್ಲಿಸುತ್ತಿದ್ದರು. ಅಂಥ ಬಸ್ಸು ನಿಲ್ಲುವುದೆಂದರೆ ಏನು? ನಾವು ನಂಬಲಿಲ್ಲ. 2020ರ ಫೆಬ್ರವರಿಯಲ್ಲಿ ನಿಂತೇ ಹೋಯಿತು. ನನ್ನ ದಾರಿಯ ಹುಡುಗಿಯರು ಮುಖ್ಯರಸ್ತೆಯವರೆಗೆ ನಡೆದು, ಸಿಕ್ಕ ಜೀಪು ಹತ್ತಿ, ಮೊದಲ ತರಗತಿ ಮುಗಿಯುವ ಹೊತ್ತಿಗೆ ಕಾಲೇಜು ಸೇರುತ್ತಿದ್ದರು. ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಕಾಲೇಜೇ ಮುಚ್ಚಿತು. ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ಆ ದಿನಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ.

ನಾನು ಬರೆಯಬೇಕೆಂದು ಕುಳಿತದ್ದು ಐದನೇ ಸೆಮಿಸ್ಟರ್ ಬಗ್ಗೆ. ಪ್ರತಿ ವರ್ಷದ ಕೊನೆಗೂ ಕಟ್ಟೆಯಲ್ಲಿ ತಪ್ಪದೆ ಹುಟ್ಟುವ ಒಂದು ಪ್ರಶ್ನೆಯಿತ್ತು: ಬರುವ ವರ್ಷ ಯಾವ ಮೇಷ್ಟ್ರು ಇರುತ್ತಾರೆ, ಯಾರು ಇರುವುದಿಲ್ಲ? ನಮಗೆ ಪಾಠ ಹೇಳುತ್ತಿದ್ದವರಲ್ಲಿ ಹೆಚ್ಚಿನವರು ಅತಿಥಿ ಉಪನ್ಯಾಸಕರು. ರಾಜ್ಯದ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ ಇಂಥ ಸಾವಿರಾರು ಜನರಿಂದ. ಆಗ ಅವರಿಗೆ ಸಿಗುತ್ತಿದ್ದ ಗೌರವಧನ ತಿಂಗಳಿಗೆ 11,000 ಅಥವಾ 13,000 ರೂಪಾಯಿ. ಅದೂ ರಜೆಯ ತಿಂಗಳುಗಳಲ್ಲಿ ಇಲ್ಲ. ಖಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರೆ ಅದೇ ವಿಷಯದ ಅತಿಥಿ ಉಪನ್ಯಾಸಕರ ಕಾರ್ಯಭಾರ ಹೋಯಿತು. ಇದನ್ನೆಲ್ಲ ಅವರು ತರಗತಿಯಲ್ಲಿ ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ. ನಮಗೆ ತಿಳಿದದ್ದೆಲ್ಲ ಕಟ್ಟೆಯಿಂದಲೇ.

2021ರ ಡಿಸೆಂಬರ್‌ನಲ್ಲಿ ರಾಜ್ಯದಾದ್ಯಂತ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದರು. ನಮ್ಮ ಕೊಠಡಿಗಳು ಖಾಲಿಯಾದವು. ಅದು ಅಡಿಕೆಯ ಕೊನೆಕೊಯ್ಲಿನ ಸಮಯ. ತರಗತಿ ಇಲ್ಲವೆಂದ ಮೇಲೆ ನಮ್ಮಲ್ಲಿ ಅನೇಕರು ಅಡಿಕೆ ಸುಲಿಯಲು ಹೋದೆವು. ರಾತ್ರಿ ಚಪ್ಪರದಡಿ ಮೆಟ್ಟುಗತ್ತಿಯ ಮುಂದೆ ಕುಳಿತಾಗ ಕಾಲೇಜಿನ ಸುದ್ದಿಗೆ ಊರಿನ ಸುದ್ದಿಯೂ ಸೇರಿಕೊಳ್ಳುತ್ತಿತ್ತು. ಅಲ್ಲಿಯೇ ಕೇಳಿದ್ದು, ನಮ್ಮ ತರಗತಿಯ ಹುಡುಗಿಯೊಬ್ಬಳಿಗೆ ಮದುವೆ ಗೊತ್ತಾಗಿದೆ, ಇನ್ನು ಅವಳು ಪರೀಕ್ಷೆಗೆ ಬರುವುದಿಲ್ಲವಂತೆ. ಇಂಥ ಮಾತನ್ನು ಚಪ್ಪರದಲ್ಲಿ ಕೆಲವರು ನಗುತ್ತಾ ಆಡುತ್ತಾರೆ. ನನಗೆ ಅದು ಯಾವತ್ತೂ ನಗುವ ಸುದ್ದಿಯಾಗಿ ಕೇಳಿಸಿಲ್ಲ. ಅವಳು ನಾಲ್ಕು ಸೆಮಿಸ್ಟರ್ ಮೊದಲ ದರ್ಜೆಯಲ್ಲಿ ಪಾಸಾದವಳು.

ನಮ್ಮ ಇತಿಹಾಸದ ಮೇಡಂಗೂ ಈ ಸುದ್ದಿ ತಲುಪಿತು. ಮುಷ್ಕರದಲ್ಲಿದ್ದರು, ಕೈಯಲ್ಲಿ ಸಂಬಳವಿರಲಿಲ್ಲ, ಬೇರೆ ತಾಲ್ಲೂಕಿನಿಂದ ಬರಬೇಕಿತ್ತು. ಆದರೂ ಬಂದರು. ಆ ಹುಡುಗಿಯ ಮನೆಯ ಜಗಲಿಯಲ್ಲಿ ಕುಳಿತು ಅವಳ ಅಮ್ಮನ ಹತ್ತಿರ ಮಾತಾಡಿದರು. ನಾನೂ ಜೊತೆಗಿದ್ದೆ. ಮದುವೆ ಬೇಡವೆಂದು ಅವರು ಹೇಳಲಿಲ್ಲ. "ಇನ್ನೆರಡು ಸೆಮಿಸ್ಟರ್ ಅಮ್ಮಾ, ಅಷ್ಟು ಕಾಯಿರಿ. ಆಮೇಲೆ ನಾನೇ ಬಂದು ಊಟ ಮಾಡಿಕೊಂಡು ಹೋಗುತ್ತೇನೆ" ಎಂದರು. ಆ ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಗಂಡಿನ ಕಡೆಯವರನ್ನು ಕೇಳಿ ನೋಡುತ್ತೇವೆ ಮೇಡಂ" ಎಂದರು. ಕೇಳಿದರು. ಮದುವೆ ಮುಂದಕ್ಕೆ ಹೋಯಿತು. ಹುಡುಗಿ ಪದವಿ ಮುಗಿಸಿದಳು.

2022ರ ಜನವರಿಯಲ್ಲಿ ಸರ್ಕಾರ ಗೌರವಧನ ಹೆಚ್ಚಿಸಿತು. ಅರ್ಹತೆ ಮತ್ತು ಸೇವೆಯ ವರ್ಷಗಳ ಲೆಕ್ಕದಲ್ಲಿ 26,000ದಿಂದ 32,000 ರೂಪಾಯಿಯವರೆಗೆ. ಕಟ್ಟೆಯಲ್ಲಿ ಅಂದು ನಾವು ಸಿಹಿ ಹಂಚಿಕೊಂಡೆವು. ಆದರೆ ಆದೇಶದಲ್ಲಿ ಇನ್ನೊಂದು ಮಾತೂ ಇತ್ತು: ಒಬ್ಬೊಬ್ಬರಿಗೆ ವಾರಕ್ಕೆ 15 ಗಂಟೆ ಕಾರ್ಯಭಾರ. ಇಬ್ಬರು ಹಂಚಿಕೊಂಡಿದ್ದ ಪಾಠಕ್ಕೆ ಈಗ ಒಬ್ಬರು ಸಾಕು. ಸಂಬಳ ಹೆಚ್ಚಿದ್ದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಅದಕ್ಕಾಗಿ ಬಹಿಷ್ಕಾರದಲ್ಲಿ ಕುಳಿತವರಲ್ಲೇ ಕೆಲವರ ಕೆಲಸ ಹೋದದ್ದನ್ನು ನಾನು ಇಂದಿಗೂ ಒಪ್ಪಿಕೊಳ್ಳಲಾರೆ. "ಮೇಡಂ ಹೆಸರು ಪಟ್ಟಿಯಲ್ಲಿ ಇಲ್ಲವಂತೆ" ಎಂದು ಕಟ್ಟೆಯಲ್ಲಿ ಯಾರೋ ಹೇಳಿದಾಗ ಎಲ್ಲರೂ ಅಟೆಂಡರ್ ಅಣ್ಣನ ಕಡೆ ನೋಡಿದೆವು. ಹೆಸರು ಇಲ್ಲವೆಂದು ಅವರೂ ತಲೆಯಾಡಿಸಿದರು.

ಮೇಡಂ ಬೀಳ್ಕೊಡುಗೆ ಸಮಾರಂಭಕ್ಕೆ ಬರಲಿಲ್ಲ. ನಾವು ಫೋನು ಮಾಡಿದಾಗ ವಿಜಯನಗರದ ನೋಟ್ಸು ಯಾರ ಹತ್ತಿರ ಇದೆ, ಕಿರಿಯರಿಗೆ ಕೊಟ್ಟು ಹೋಗಿ ಎಂದಷ್ಟೇ ಹೇಳಿದರು. ಆ ನೋಟ್ಸು ಈಗಲೂ ಜೆರಾಕ್ಸ್ ಆಗುತ್ತಿದೆ ಎಂದು ಈ ವರ್ಷದ ವಿದ್ಯಾರ್ಥಿಗಳು ತಿಳಿಸಿದರು.

ಈ ಕಾಲೇಜು ಸಂಚಿಕೆಯ ಸಂಪಾದಕ ಮಂಡಳಿಯವರು ನನ್ನಿಂದ ಕೇಳಿದ್ದು ನೆನಪುಗಳನ್ನು. ಅದರ ಜೊತೆಗೆ ನನ್ನದೊಂದು ಬೇಡಿಕೆ. ನನ್ನ ಬಳಿಯಿರುವ ಹಳೆಯ ಸಂಚಿಕೆಗಳ ಬೋಧಕರ ಪುಟದಲ್ಲಿ ಖಾಯಂ ಉಪನ್ಯಾಸಕರ ಹೆಸರು, ಭಾವಚಿತ್ರಗಳಿವೆ. ಅತಿಥಿ ಉಪನ್ಯಾಸಕರದು ಇಲ್ಲ. ಇಲ್ಲಿಯವರೆಗೆ ಪಾಠ ಹೇಳಿದ ಅತಿಥಿ ಉಪನ್ಯಾಸಕರೆಲ್ಲರ ಹೆಸರು, ವಿಷಯ, ಕೆಲಸ ಮಾಡಿದ ವರ್ಷಗಳನ್ನು ಬರುವ ಸಂಚಿಕೆಯಲ್ಲಿ ಅಚ್ಚು ಹಾಕಿ. ಕಚೇರಿಯಲ್ಲಿ ಹಳೆಯ ಹಾಜರಾತಿ ಪುಸ್ತಕಗಳು ಇರಬೇಕು. ಅಲ್ಲಿ ಸಿಗದ ಹೆಸರುಗಳನ್ನು ಕೇಳಿ, ಕಲೆಹಾಕಿ ಕೊಡಲು ನಮ್ಮ ಬ್ಯಾಚಿನವರು ತಯಾರಿದ್ದೇವೆ. ಇತಿಹಾಸ ವಿಭಾಗದ ಪಟ್ಟಿಯನ್ನು ನಾನು ಆಗಲೇ ಬರೆಯಲು ಶುರುಮಾಡಿದ್ದೇನೆ.