ಬುಷ್ ಎಣ್ಣೆ ಕುಡಿಯುವವರೆಗೆ

ನಮ್ಮ ಮನೆಯ ಹಳೆಯ ಅಂಬಾಸಿಡರ್ ಸಿಗ್ನಲ್‌ನಲ್ಲಿ ನಿಂತರೆ ಕುಂಟುತ್ತಿತ್ತು. ಕುಶಾಲನಗರ ದಾಟಿ ಮಡಿಕೇರಿಯ ಏರು ಹಿಡಿದರೆ ಇಂಜಿನ್ ಬಡಿತ ತಪ್ಪಿ ಮಿಸ್ಸಿಂಗ್ ಶುರುವಾಗುತ್ತಿತ್ತು. ನೋಡಿದವರೆಲ್ಲ ಕಾರ್ಬ್ಯುರೇಟರನ್ನೇ ದೂರಿದರು. ಅದನ್ನು ಬಿಚ್ಚಿ ತೊಳೆದದ್ದಾಯಿತು, ಪ್ಲಗ್ ಬದಲಾಯಿಸಿದ್ದಾಯಿತು, ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೊಸ ಪಾಯಿಂಟು (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್ಚು), ಅದರ ಜೊತೆಗಿನ ಕಂಡೆನ್ಸರು ಹಾಕಿದ್ದೂ ಆಯಿತು. ಪಾಯಿಂಟ್ ಹೊಸದಾದಾಗಲೆಲ್ಲ ಕೆಲವು ದಿನ ನೆಟ್ಟಗೆ ಓಡಿ ಮತ್ತೆ ಹಳೆಯ ಚಾಳಿಗೆ ಬೀಳುತ್ತಿತ್ತು.

ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಸಂದಿಯ ಅಂತರ ಅಳೆಯುವ ಫೀಲರ್ ಗೇಜ್. ಈ 1489 ಸಿಸಿ ಇಂಜಿನ್ನಿನಲ್ಲಿ ಪಾಯಿಂಟಿನ ಅಂತರ 0.35ರಿಂದ 0.40 ಮಿಲಿಮೀಟರ್ ಇರಬೇಕು. ಡಿಸ್ಟ್ರಿಬ್ಯೂಟರ್ ಶಾಫ್ಟಿನ ಮೇಲೆ ತಿರುಗುತ್ತ ಪಾಯಿಂಟನ್ನು ತೆರೆಯುವ ಕ್ಯಾಮಿನ ಒಂದು ಉಬ್ಬಿನಲ್ಲಿ ಸರಿಯಾಗಿ ಹೊಂದಿಸಿ, ಇಂಜಿನ್ ತಿರುಗಿಸಿ ಉಳಿದ ಮೂರರಲ್ಲೂ ನೋಡಿದೆ. ಒಂದೊಂದರಲ್ಲಿ ಒಂದೊಂದು ಅಳತೆ. ಶಾಫ್ಟಿನ ನೆತ್ತಿಯಲ್ಲಿ ಕೂತು ಕಿಡಿ ಹಂಚುವ ರೋಟರ್ ಹಿಡಿದು ಪಕ್ಕಕ್ಕೆ ಅಲುಗಾಡಿಸಿದರೆ ಶಾಫ್ಟ್ ಕಣ್ಣಿಗೆ ಕಾಣುವಷ್ಟು ಆಡುತ್ತಿತ್ತು. ಡಿಸ್ಟ್ರಿಬ್ಯೂಟರಿನೊಳಗೆ ಶಾಫ್ಟಿಗೆ ಆಸರೆಯಾಗಿರುವ ಲೋಹದ ಕೊಳವೆ, ಅಂದರೆ ಬುಷ್, ಸವೆದುಹೋಗಿತ್ತು.

ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಡಿಸ್ಟ್ರಿಬ್ಯೂಟರ್ ಶಾಫ್ಟ್ ಅದರ ಅರ್ಧ, ಅಂದರೆ 1500 ಸುತ್ತು ತಿರುಗುತ್ತದೆ. ಸುತ್ತಿಗೆ ನಾಲ್ಕರಂತೆ ಪಾಯಿಂಟ್ ನಿಮಿಷಕ್ಕೆ 6000 ಬಾರಿ, ಸೆಕೆಂಡಿಗೆ ನೂರು ಬಾರಿ ತೆರೆದು ಮುಚ್ಚಬೇಕು. ಶಾಫ್ಟೇ ಓಲಾಡುತ್ತಿದ್ದರೆ ಪ್ರತಿ ಕಿಡಿಯೂ ಬೇರೆ ಬೇರೆ ಹೊತ್ತಿಗೆ ಬೀಳುತ್ತದೆ. ಇಲ್ಲಿ ಒಂದು ಡಿಗ್ರಿ ತಪ್ಪಿದರೆ ಇಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್‌ಶಾಫ್ಟಿನ ಲೆಕ್ಕದಲ್ಲಿ ಎರಡು ಡಿಗ್ರಿ ತಪ್ಪಿದಂತೆ. ಇಂಥದ್ದಕ್ಕೆ ಎಷ್ಟು ಪಾಯಿಂಟ್ ಬದಲಾಯಿಸಿದರೂ ಹಣ ದಂಡ.

"ಸರ್, ಡಿಸ್ಟ್ರಿಬ್ಯೂಟರ್ ಪೂರ್ತಿ ಹೊಸದನ್ನೇ ಹಾಕಿಬಿಡೋಣ" ಎಂದ ಮೆಕ್ಯಾನಿಕ್. ನನಗೆ ಮನಸ್ಸು ಒಪ್ಪಲಿಲ್ಲ. ಅದರ ಬಾಡಿ ಗಟ್ಟಿಯಾಗಿತ್ತು, ವೇಗಕ್ಕೆ ತಕ್ಕಂತೆ ಕಿಡಿಯ ಹೊತ್ತು ಸರಿಸುವ ತೂಕದ ಸ್ಪ್ರಿಂಗ್‌ಗಳು ಮೂಲದವು, ಶಾಫ್ಟನ್ನು ಮೈಕ್ರೋಮೀಟರ್ ಇಟ್ಟು ನೋಡಿದರೆ ಸವೆತ ಇಲ್ಲವೆನ್ನುವಷ್ಟೇ. ಹೆಬ್ಬೆರಳಿನಷ್ಟು ದೊಡ್ಡದಲ್ಲದ ಒಂದು ಬುಷ್ಷಿಗಾಗಿ ಇಷ್ಟನ್ನೂ ಗುಜರಿಗೆ ಎಸೆಯುವುದು ಅನ್ಯಾಯವೆಂದೇ ನಾನು ನಂಬಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದಾಗ ಅಳತೆಗೆ ಸರಿಹೊಂದುವ ಬುಷ್ ಸಿಕ್ಕಿತು.

ಬಿಚ್ಚುವಾಗ, ಡಿಸ್ಟ್ರಿಬ್ಯೂಟರನ್ನು ಬಿಗಿಹಿಡಿದಿರುವ ಕ್ಲ್ಯಾಂಪಿನ ಪಿಂಚ್ ಬೋಲ್ಟನ್ನು ಮುಟ್ಟಲಿಲ್ಲ. ಕ್ಲ್ಯಾಂಪನ್ನು ಬ್ಲಾಕಿಗೆ ಹಿಡಿದಿರುವ ಸ್ಕ್ರೂಗಳನ್ನಷ್ಟೇ ತೆಗೆದರೆ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಹೆಚ್ಚು ಕದಲುವುದಿಲ್ಲ. ಇಂಜಿನ್ನಿಗೆ ಕಚ್ಚಿಕೊಳ್ಳುವ, ಶಾಫ್ಟಿನ ತುದಿಯ ಡ್ರೈವ್ ಡಾಗ್ ಮಧ್ಯಕ್ಕಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಹಾಗಾಗಿ ಡಿಸ್ಟ್ರಿಬ್ಯೂಟರ್ ಇಂಜಿನ್ನಿನೊಳಗೆ ಒಂದೇ ರೀತಿಯಲ್ಲಿ ಕೂರುತ್ತದೆ. ಆದರೆ ಪಿನ್ ಹೊಡೆದು ಡಾಗನ್ನೇ ಬೇರ್ಪಡಿಸಿದ ಮೇಲೆ ಅದನ್ನು ತಿರುಗುಮುರುಗಾಗಿ ಜೋಡಿಸುವ ಸಾಧ್ಯತೆ ಇದೆ, ಆಗ ಕಿಡಿ ಪೂರ್ತಿ ಅರ್ಧ ಸುತ್ತು ಆಚೆ ಬೀಳುತ್ತದೆ. ಪಿನ್ನಿಗೆ ಸುತ್ತಿಗೆ ತಾಗಿಸುವ ಮೊದಲೇ ರೋಟರ್ ಯಾವ ಕಡೆ, ಡಾಗ್ ಯಾವ ಕಡೆ ಎಂದು ಪಂಚ್‌ನಿಂದ ಗುರುತು ಹಾಕಿಕೊಂಡೆ.

ಲೇತ್ ಅಂಗಡಿಯ ಯಜಮಾನರು ಹೊಸ ಬುಷ್ಷನ್ನು ಬೆಳಕಿಗೆ ಹಿಡಿದು ನೋಡಿ, "ಇದಕ್ಕೆ ಎಣ್ಣೆ ಕುಡಿಸಿದ್ದೀರಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದರೆ ನಾಳೆ ಬನ್ನಿ."

ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಕ್ಷಣ. ಅದು ಎರಕದ ಕಂಚಲ್ಲ. ಪುಡಿಯನ್ನು ಒತ್ತಿ, ಕಾಯಿಸಿ ಮಾಡಿದ ಕಂಚು. ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಆ ರಂಧ್ರಗಳಲ್ಲಿ ಎಣ್ಣೆ ನಿಂತು, ಶಾಫ್ಟ್ ತಿರುಗಿ ಬಿಸಿಯಾದಾಗ ಹೊರಗೆ ಜಿನುಗುತ್ತದೆ, ತಣಿದಾಗ ಒಳಗೆ ಹಿಂತಿರುಗುತ್ತದೆ. ಅದಕ್ಕೇ ಕೂರಿಸುವ ಮುನ್ನ 24 ಗಂಟೆ ಇಂಜಿನ್ ಆಯಿಲ್‌ನಲ್ಲಿ ಮುಳುಗಿಸಿಡಬೇಕು. ತೀರಾ ಅವಸರವಿದ್ದರೆ 100 ಡಿಗ್ರಿಗೆ ಕಾಯಿಸಿದ ಎಣ್ಣೆಯಲ್ಲಿ ಎರಡು ಗಂಟೆ ಸಾಕು. ಅವಸರ ಇರಲಿಲ್ಲವಾದ್ದರಿಂದ ಸ್ಟೀಲ್ ಬಟ್ಟಲಿನಲ್ಲಿ ಪೂರ್ತಿ ಒಂದು ದಿನ ನೆನೆಹಾಕಿದೆ. ಮರುದಿನ ಅವರು ಅದರೊಳಗೆ ಎಣ್ಣೆ ತುಂಬಿ, ಎರಡೂ ಬಾಯಿಗೆ ಬೆರಳು ಕೊಟ್ಟು ಅದುಮಿ ತೋರಿಸಿದರು. ಹೊರಮೈಯಲ್ಲಿ ಬೆವರಿನಂತೆ ಸಣ್ಣ ಹನಿಗಳು ಮೂಡಿದವು.

ಮೆಟ್ಟಿಲಿರುವ ಮ್ಯಾಂಡ್ರೆಲ್ (ದುಂಡು ಸರಳು) ಇಟ್ಟು, ವೈಸ್‌ನಲ್ಲಿ ನೇರವಾಗಿ ಒತ್ತಿ ಕೂರಿಸಿದರು. ಶಾಫ್ಟ್ ತುಸು ಬಿಗಿಯಾಯಿತು. ತೂತನ್ನು ಕೆರೆದು ಅಗಲಿಸುವ ರೀಮರ್ ಆಡಿಸೋಣವೇ ಎಂದು ಅವರ ಹುಡುಗ ಕೇಳಿದಾಗ ಯಜಮಾನರು ತಡೆದರು. ರೀಮರ್ ಉಜ್ಜಿದರೆ ರಂಧ್ರಗಳ ಬಾಯಿ ಮುಚ್ಚಿಹೋಗಿ ಎಣ್ಣೆ ಹೊರಬರುವುದಿಲ್ಲ. ಅಳತೆಗೆ ತಿರುಗಿಸಿದ ಮ್ಯಾಂಡ್ರೆಲನ್ನೇ ಇನ್ನೊಮ್ಮೆ ತೂರಿಸಿ ತೆಗೆದರು. ಶಾಫ್ಟ್ ಸಲೀಸಾಗಿ ತಿರುಗಿತು, ಪಕ್ಕಕ್ಕೆ ಒಂದಿಷ್ಟೂ ಆಡಲಿಲ್ಲ. ಥ್ರಸ್ಟ್ ವಾಷರ್ ಹಾಕಿ, ಗುರುತು ನೋಡಿ ಡಾಗ್ ಜೋಡಿಸಿ, ಹೊಸ ಪಿನ್ ಹೊಡೆದು ಎರಡೂ ತುದಿಯನ್ನು ಚಪ್ಪಟೆ ಮಾಡಿದರು.

ಮನೆಗೆ ಬಂದು ಕೂರಿಸಿ ನಾಲ್ಕು ಉಬ್ಬಿನಲ್ಲೂ ಗೇಜ್ ಹಾಕಿದೆ, ನಾಲ್ಕರಲ್ಲೂ ಒಂದೇ ಬಿಗಿ. ಕಿಡಿ ಬಿದ್ದಾಗ ಮಿನುಗುವ ಟೈಮಿಂಗ್ ಲೈಟ್ ಬಿಟ್ಟರೆ, ಮೊದಲೆಲ್ಲ ಹಿಂದೆ ಮುಂದೆ ಕುಣಿಯುತ್ತಿದ್ದ ಕ್ರ್ಯಾಂಕ್‌ಶಾಫ್ಟ್ ಪುಲ್ಲಿಯ ಗುರುತು ನಿಂತಲ್ಲೇ ನಿಂತಿತ್ತು. ಕಾರ್ಬ್ಯುರೇಟರ್ ಮುಟ್ಟದೆಯೇ, ಗಾಡಿ ನಿಂತಾಗಿನ ಇಂಜಿನ್ ಓಟ, ಅಂದರೆ ಸ್ಲೋ ಸ್ಪೀಡ್, ಸರಿಹೋಯಿತು. ಪ್ರತಿ ಸರ್ವೀಸ್‌ನಲ್ಲಿ ರೋಟರ್ ಎತ್ತಿ, ಅದರಡಿಯ ಸ್ಕ್ರೂ ಮೇಲೆ ಎರಡು ಹನಿ, ಕ್ಯಾಮಿನ ಸುತ್ತಲಿನ ಸಂದಿಗೆ ಎರಡು ಹನಿ ಎಣ್ಣೆ ಬಿಡುತ್ತಿದ್ದೇನೆ, ಪಾಯಿಂಟಿಗೆ ತಾಗದಂತೆ.