ಮಂಜಿನೊಳಗೆ ಬಾಣ ಬಿಟ್ಟರೆ ಎಷ್ಟು ಡೈಸ್?

ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಪಾತ್ರಾಭಿನಯದ ಆಟದ 5ನೇ ಆವೃತ್ತಿಯ ಕಾಳಗದಲ್ಲಿ ಹೆಚ್ಚು ಜಗಳ ಹುಟ್ಟಿಸುವುದು ಅಡ್ವಾಂಟೇಜ್, ಡಿಸ್‌ಅಡ್ವಾಂಟೇಜ್ ಲೆಕ್ಕ. ಅಡ್ವಾಂಟೇಜ್ ಇದ್ದರೆ ಡಿ20 (20 ಮುಖದ ದಾಳ) ಎರಡು ಸಲ ಉರುಳಿಸಿ ದೊಡ್ಡದನ್ನು, ಡಿಸ್‌ಅಡ್ವಾಂಟೇಜ್ ಇದ್ದರೆ ಚಿಕ್ಕದನ್ನು ತೆಗೆದುಕೊಳ್ಳಬೇಕು. ಶತ್ರು ನೆಲಕ್ಕೆ ಬಿದ್ದಿದ್ದಾನೆ, ಬಲೆಯಲ್ಲೂ ಸಿಕ್ಕಿಕೊಂಡಿದ್ದಾನೆ ಅಂದುಕೊಳ್ಳಿ. ಬಿಲ್ಲುಗಾರ 30 ಅಡಿ ದೂರದಲ್ಲಿದ್ದಾನೆ. ಬಲೆಯಿಂದ ಅಡ್ವಾಂಟೇಜ್, ಬಿದ್ದವನಿಗೆ 5 ಅಡಿ ಆಚೆಯಿಂದ ಹೊಡೆಯುವುದರಿಂದ ಡಿಸ್‌ಅಡ್ವಾಂಟೇಜ್. ಎರಡೂ ವಜಾ, ಒಂದೇ ಡಿ20. ಇದರ ಮೇಲೆ ಇನ್ನೆರಡು ಮಂತ್ರ ಅಡ್ವಾಂಟೇಜ್ ಕೊಟ್ಟರೂ ಅಷ್ಟೇ. ಎಣಿಸಿ ಕಳೆಯುವ ಪದ್ಧತಿ ಇಲ್ಲಿಲ್ಲ. ಎರಡೂ ಕಡೆ ಒಂದೊಂದಾದರೂ ಇದ್ದರೆ ಮುಗಿಯಿತು.

ದಟ್ಟ ಮಂಜಿನಲ್ಲಿ ಇದು ವಿಚಿತ್ರವಾಗುತ್ತದೆ. ಗುರಿ ಕಾಣದ್ದರಿಂದ ಡಿಸ್‌ಅಡ್ವಾಂಟೇಜ್, ಗುರಿಗೂ ನೀವು ಕಾಣದ್ದರಿಂದ ಅಡ್ವಾಂಟೇಜ್. ಹೀಗಾಗಿ ಇಬ್ಬರೂ ಕುರುಡರಾಗಿ, ಹಗಲಲ್ಲಿ ನಿಂತಂತೆ ಹೊಡೆದಾಡುತ್ತಾರೆ! ನನಗೆ ಇದು ಒಪ್ಪಿಗೆಯಿಲ್ಲ, ಆದರೆ ನಿಯಮ ಹಾಗೇ ಇದೆ. ಬದಲಿಸುವುದಾದರೆ ಆಟ ಶುರುವಾಗುವ ಮೊದಲೇ ಎಲ್ಲರಿಗೂ ಹೇಳಿಬಿಡಿ.

ಮರೆಯ ವಿಷಯ ಸರಳ: ಅರ್ಧ ಮರೆಗೆ ಎಸಿ (ಪೆಟ್ಟು ತಗುಲಲು ಹೊಡೆಯುವವನು ಮುಟ್ಟಬೇಕಾದ ಸಂಖ್ಯೆ) +2, ಮುಕ್ಕಾಲಿಗೆ +5. ಎರಡೂ ಇದ್ದರೆ ದೊಡ್ಡದೊಂದೇ, +7 ಅಲ್ಲ.

ಡ್ಯಾಮೇಜ್‌ನಲ್ಲಿ ಎಡವಟ್ಟಾಗುವುದು ಅನುಕ್ರಮದಿಂದ. ಕೂಡುವುದು, ಕಳೆಯುವುದು ಮೊದಲು, ರೆಸಿಸ್ಟೆನ್ಸ್ (ಒಂದು ಬಗೆಯ ಪೆಟ್ಟನ್ನು ಅರ್ಧ ಮಾಡುವ ಗುಣ) ಆಮೇಲೆ. 27 ಪೆಟ್ಟಿನಲ್ಲಿ ಕವಚದ ಫೀಟ್ (ಪಾತ್ರದ ವಿಶೇಷ ಸಾಮರ್ಥ್ಯ) 3 ಕಡಿಮೆ ಮಾಡಿದರೆ 24, ಅರ್ಧ 12. ಮೊದಲೇ ಅರ್ಧ ಮಾಡಿದರೆ ಭಿನ್ನ ಬಿಟ್ಟು 13, ಅದರಲ್ಲಿ 3 ಹೋಗಿ 10. ಆಟಗಾರನಿಗೆ ಪುಕ್ಕಟೆ 2 ಪಾಯಿಂಟ್ ಉಳಿತಾಯ. ಒಂದೇ ಬಗೆಯ ಪೆಟ್ಟಿಗೆ ಎರಡು ಕಡೆಯಿಂದ ರೆಸಿಸ್ಟೆನ್ಸ್ ಬಂದರೂ ಕಾಲು ಭಾಗವಾಗದು, ಅರ್ಧವೇ.