ತೊಟ್ಟೆ ಕೇಳಿಕೊಂಡು ಬಂದವರು

ಬಚ್ಚಲ ಒಲೆಗೆ ಬೆಂಕಿ ಹಿಡಿಸಲು ಅಮ್ಮ ಪ್ಲಾಸ್ಟಿಕ್ ತೊಟ್ಟೆಯನ್ನೇ, ಅಂದರೆ ಚೀಲವನ್ನೇ, ಹಾಕುತ್ತಿದ್ದಳು. ಮಳೆಗಾಲದಲ್ಲಿ ಸೌದೆ ಒದ್ದೆ, ತೊಟ್ಟೆ ಇದ್ದರೆ ಬೇಗ ಹೊತ್ತಿಕೊಳ್ಳುತ್ತದೆ. ಬೇಡ ಅಂತ ನಾನು ಎಷ್ಟು ಸಲ ಹೇಳಿದರೂ ಕೇಳಿರಲಿಲ್ಲ.

ನಮ್ಮದು ಕೇರಳದ ಕಾಸರಗೋಡಿನಲ್ಲಿ, ಚಂದ್ರಗಿರಿ ಹೊಳೆಯಿಂದ ಬಡಗಿನ ಊರು. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ತುಳು. ಅಮ್ಮ ಕಲಿತದ್ದು ಕನ್ನಡ ಶಾಲೆಯಲ್ಲಿ. ಪ್ಲಾಸ್ಟಿಕ್ ಸುಟ್ಟರೆ ದಂಡ ಎಂಬ ನೋಟಿಸು ಬಂದಿತ್ತು, ಪೂರ್ತಿ ಮಲಯಾಳದಲ್ಲಿ. ಓದಲು ಬಾರದೆ ಅಮ್ಮ ಅದನ್ನು ಮಡಚಿ ಕಪಾಟಿನಲ್ಲಿ ಇಟ್ಟಳು.

ಆಮೇಲೆ ಹಸಿರು ಕೋಟು ಹಾಕಿದ ಇಬ್ಬರು ಬಂದರು. ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯವರು, ಕುಟುಂಬಶ್ರೀ ಎಂಬ ಮಹಿಳಾ ಸಂಘದ ಹೆಂಗಸರು. ಒಬ್ಬರಂತೂ ಪಕ್ಕದ ವಾರ್ಡಿನವರೇ. ಕಸ ಒಯ್ಯಲು ತಿಂಗಳಿಗೆ 50 ರೂಪಾಯಿ ಅಂದಾಗ ಅಮ್ಮನ ಮುಖ ಸಣ್ಣದಾಯಿತು. ಅವರು ಜಗಲಿಯಲ್ಲಿ ಕೂತು ಕನ್ನಡದಲ್ಲೇ ಹೇಳಿದರು:

"ನಾವೂ ಒಲೆಗೆ ಇದನ್ನೇ ಹಾಕ್ತಿದ್ದೆವು ಅಮ್ಮಾ. ಹೊಗೆ ಕುಡಿಯುವುದು ನಾವೇ ಅಲ್ವಾ? ಹಾಲಿನ ತೊಟ್ಟೆ ತೊಳೆದು ಒಣಗಿಸಿಡಿ, ಸಾಕು. ಒದ್ದೆ ಇದ್ದರೆ ನಮಗೆ ಬೇರೆ ಮಾಡ್ಲಿಕ್ಕೆ ಕಷ್ಟ."

ಈಗ ನಮ್ಮ ಬಟ್ಟೆ ಹಗ್ಗದಲ್ಲಿ ಹಾಲಿನ ತೊಟ್ಟೆಗಳು ಸಾಲಾಗಿ ಒಣಗುತ್ತವೆ. ಒಲೆಗೆ ತೆಂಗಿನ ಗೆರಟೆ ಬಂದಿದೆ.

ಅಮೆರಿಕದಲ್ಲಿ ನಾರ್ಮಾ ರಿಕುಚ್ಚಿ ಎಂಬ ಸಂಶೋಧಕಿ ಮತ್ತು ಸಂಗಡಿಗರು ಹೀಗೇ ಕಸದ ವಿಷಯದಲ್ಲಿ ಒಂದು ಪ್ರಯೋಗ ಮಾಡಿದ್ದರು. 2016ರಲ್ಲಿ ಪ್ರಕಟವಾಯಿತು. ಕಸ ಬೇರೆ ಮಾಡಿ ಎಂಬ ಪ್ರಕಟಣೆಯಲ್ಲಿ ಅಧಿಕಾರಿಗಳ ಹೆಸರು ಮಾತ್ರ ಬದಲಿಸಿದರು. ಹೆಂಗಸರ ಹೆಸರು ಇದ್ದಾಗ ಓದಿದ ಹೆಂಗಸರು ಕೈಜೋಡಿಸಲು ಜಾಸ್ತಿ ಒಪ್ಪಿದರು. ಅದರಲ್ಲೂ ಅಡುಗೆಮನೆ ಕಸ ಬೇರೆ ಮಾಡುವಂಥ ಕಷ್ಟದ ಕೆಲಸಕ್ಕೆ. ಅಲ್ಲಿದ್ದದ್ದು ಬರೀ ಹೆಸರು. ನಮ್ಮಲ್ಲಿ ಜನವೇ ಜಗಲಿಗೆ ಬಂದಿದ್ದಾರೆ.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ನಾವು ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆದರೆ ಆ ಕುರ್ಚಿಯಲ್ಲಿ ಕನ್ನಡ ಬಲ್ಲವರು ಇರಬೇಕಲ್ವಾ? ನೋಟಿಸನ್ನು ಸುಮ್ನೆ ಅನುವಾದ ಮಾಡಿ ಕಳಿಸಿದರೂ ಅಮ್ಮ ತೊಟ್ಟೆ ಸುಡುವುದನ್ನು ಬಿಡುತ್ತಿರಲಿಲ್ಲ, ಇದು ನನಗೆ ಖಂಡಿತ. ಬಂದು ಕೇಳಿದವರು ನಮ್ಮಂಥವರು, ಅದಕ್ಕೇ ಬಿಟ್ಟಳು.

ಕಳೆದ ತಿಂಗಳು ಅವರು ಬಂದಾಗ ಅಮ್ಮ ಕಪಾಟಿನಿಂದ ಮಡಚಿಟ್ಟ ಕಾಗದಗಳನ್ನೆಲ್ಲ ತಂದು ಅವರಲ್ಲೊಬ್ಬರ ಕೈಗೆ ಕೊಟ್ಟಳು.

"ಇದರಲ್ಲಿ ಎಂತ ಬರೆದಿದ್ದಾರೆ, ಸ್ವಲ್ಪ ಓದಿ ಹೇಳು ಮಗಾ."